ಮೊದಲಿಗರಿಲ್ಲದ ಓಟ

ಮೈಸೂರು ರಸ್ತೆಯ ಹೋಟೆಲೊಂದರಲ್ಲಿ ಒಂದು ಭಾನುವಾರ ಬೆಳಗಿನ ಜಾವ ಕಾಫಿ ಕುಡಿಯುತ್ತ ಕುಳಿತಿದ್ದೆ. ನಡುವಯಸ್ಸು ದಾಟಿದ ಒಬ್ಬರು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದರು. ಮೈಯೆಲ್ಲ ಧೂಳು, ಕಣ್ಣು ಕೆಂಪು. ಎರಡು ಇಡ್ಲಿ ತಿಂದು, ಕಾಫಿ ಕುಡಿದು, ಹಣ ಕೊಟ್ಟ ಮೇಲೂ ಅವರು ಗಲ್ಲಾದ ಮುಂದಿನಿಂದ ಕದಲಲಿಲ್ಲ. “ಬಿಲ್ಲು ಕೊಡಿ ಸಾರ್. ಟೈಮು ಕಾಣೋ ಹಾಗೆ ಇರಬೇಕು” ಎಂದು ಹಟ ಹಿಡಿದರು. ಮೂವತ್ತು-ನಲವತ್ತು ರೂಪಾಯಿಯ ತಿಂಡಿಗೆ ಬಿಲ್ಲು ಕೇಳುವ ಗಿರಾಕಿಯನ್ನು ಗಲ್ಲಾದವರು ವಿಚಿತ್ರವಾಗಿ ನೋಡಿ, ಚೀಟಿ ಹರಿದು ಕೊಟ್ಟರು. ಇವರು ಅದನ್ನು ದೇವರ ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡು, ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು.

ಕುತೂಹಲ ತಡೆಯದೆ ವಿಚಾರಿಸಿದೆ. ಹಿಂದಿನ ದಿನ ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರು ಬಿಟ್ಟವರಂತೆ. ಒಟ್ಟು 400 ಕಿಲೋಮೀಟರು. 27 ಗಂಟೆಯೊಳಗೆ ಮುಗಿಸಬೇಕು. ದಾರಿಯಲ್ಲಿ ಗೊತ್ತು ಮಾಡಿದ ಊರುಗಳಿಗೆ ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಆ ಬಿಲ್ಲೇ ಸಾಕ್ಷಿ. “ಮೊದಲು ಬಂದವರಿಗೆ ಏನು ಬಹುಮಾನ?” ಎಂದೆ. ಅವರು ನಕ್ಕರು. “ಮೊದಲು ಬಂದವರು ಅಂತ ಯಾರೂ ಇಲ್ಲ ಸಾರ್. ಹೊತ್ತಿಗೆ ಬಂದವರು ಇರ್ತಾರೆ, ಬರದವರು ಇರ್ತಾರೆ, ಅಷ್ಟೆ” ಎಂದು ಹೇಳಿ ಸೈಕಲ್ಲು ಹತ್ತಿ ಹೊರಟೇ ಹೋದರು.

ಗೆದ್ದವರೇ ಇಲ್ಲದ ಓಟ! ಇಂಥದನ್ನು ಯಾರು ಕಂಡುಹಿಡಿದರು? ಹುಡುಕುತ್ತ ಹೋದರೆ ಆ ಹೋಟೆಲಿನ ಬಿಲ್ಲು ನಮ್ಮನ್ನು ನೂರಮೂವತ್ತು ವರ್ಷಗಳ ಹಿಂದಿನ ಪ್ಯಾರಿಸ್ ನಗರಕ್ಕೆ ಕರೆದೊಯ್ಯುತ್ತದೆ. ತಮಾಷೆಯೆಂದರೆ, ಈ ಕತೆ ಶುರುವಾದದ್ದು ಗೆಲ್ಲುವ ಆಸೆಯಿಂದಲೇ. ಅದರ ಬೆನ್ನಿಗೆ ವ್ಯಾಪಾರವೂ ಇತ್ತು.

ಸೈಕಲ್ಲಿಗೆ ಗಾಳಿ ತುಂಬಿದ ಚಕ್ರ ಬಂದದ್ದು 1888ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯನ ಕೈಯಿಂದ. ಅದಕ್ಕೆ ಮೊದಲು ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ; ಕಲ್ಲು ಹಾಸಿದ ರಸ್ತೆಯಲ್ಲಿ ಸವಾರನ ಎಲುಬು ಎಲುಬೂ ಅಲುಗಾಡುತ್ತಿತ್ತು. ಹೊಸ ಚಕ್ರ ಹಾಯೆನಿಸಿತು, ನಿಜ. ಆದರೆ ಪಂಕ್ಚರಾದರೆ ಗೋಳು. ರಿಮ್ಮಿಗೆ ಅಂಟಿಸಿದ ಟೈರನ್ನು ಬಿಚ್ಚಿ ಮತ್ತೆ ಕೂಡಿಸುವುದು ಗಂಟೆಗಟ್ಟಲೆಯ ಕೆಲಸ. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರನ್ನು ತಂದರು. ಹೊಸ ಸರಕು ಸಿದ್ಧವಾಗಿತ್ತು. ಅದನ್ನು ಲೋಕಕ್ಕೆ ತೋರಿಸಲು ಒಂದು ಜಾತ್ರೆ ಬೇಕಾಗಿತ್ತು.

ಆ ಜಾತ್ರೆಯನ್ನು ನೆರವೇರಿಸಿದವನು ಒಬ್ಬ ಪತ್ರಕರ್ತ. ‘ಲ ಪೆತಿ ಜೂರ್ನಾಲ್’ ಪ್ಯಾರಿಸ್ಸಿನ ಅಗ್ಗದ ದಿನಪತ್ರಿಕೆ. ಅದರ ಸಂಪಾದಕ ಪಿಯೆರ್ ಜಿಫಾರನಿಗೆ ಸೈಕಲ್ಲೆಂದರೆ ಪಂಚಪ್ರಾಣ. ಬೈಸಿಕಲ್ಲನ್ನು ರಾಣಿಯೆಂದು ಕರೆದು ಅದೇ ವರ್ಷ ಪುಸ್ತಕವನ್ನೇ ಬರೆದವನು ಅವನು. ಪ್ಯಾರಿಸ್ಸಿನಿಂದ ಹೊರಟು, ದೇಶದ ಪಶ್ಚಿಮದ ತುದಿಯಲ್ಲಿರುವ ಬ್ರೆಸ್ಟ್ ಎಂಬ ನೌಕಾ ಬಂದರನ್ನು ಮುಟ್ಟಿ, ಅದೇ ದಾರಿಯಲ್ಲಿ ಮರಳಿ ಬರಬೇಕು. ಸುಮಾರು 1200 ಕಿಲೋಮೀಟರು ಎಂದು ಅವನು ಸಾರಿದ. ಹೊರಟ ಸೈಕಲ್ಲಿನಲ್ಲೇ ಮರಳಬೇಕೆಂದು ಸೈಕಲ್ಲುಗಳಿಗೆ ಮುದ್ರೆ ಒತ್ತಿಸಿದರು. ದಾರಿಯ ಊರುಗಳಲ್ಲಿ ಸವಾರನು ತನ್ನ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಹತ್ತು ದಿನಗಳ ಗಡುವು. ಹೆಂಗಸರೂ ಕೆಲವರು ಹೆಸರು ಕೊಟ್ಟಿದ್ದರು. ಅವರಿಗೆ ಅಪ್ಪಣೆ ಸಿಗಲಿಲ್ಲ.

1891ರ ಸೆಪ್ಟೆಂಬರ್ 6ರಂದು ಇನ್ನೂರಕ್ಕೂ ಹೆಚ್ಚು ಮಂದಿ ಹೊರಟರು. ವೃತ್ತಿಯ ಸವಾರರು ಬೆರಳೆಣಿಕೆಯಷ್ಟು, ಉಳಿದವರು ಸಾಮಾನ್ಯರು. ಪತ್ರಿಕೆಗಳ ಕಣ್ಣೆಲ್ಲ ಇಬ್ಬರ ಮೇಲೆ: ಮಿಷೆಲಿನ್ ಟೈರಿನ ಶಾರ್ಲ್ ತೆರೋಂ, ಡನ್‌ಲಪ್ ಟೈರಿನ ಜಿಯೆಲ್-ಲಾವಾಲ್. ಬ್ರೆಸ್ಟನ್ನು ಮೊದಲು ಮುಟ್ಟಿದವನು ಲಾವಾಲ್. ಮರಳಿ ಬರುವಾಗ ನಿದ್ದೆ ತಡೆಯಲಾರದೆ ಅವನು ದಾರಿಯ ಹೋಟೆಲಿನಲ್ಲಿ ತಲೆ ಊರಿದ. ತೆರೋಂ ನಿದ್ದೆಯನ್ನು ನುಂಗಿಕೊಂಡು ಕತ್ತಲಲ್ಲಿ ಸದ್ದಿಲ್ಲದೆ ಅವನನ್ನು ದಾಟಿದ. 71 ಗಂಟೆ 22 ನಿಮಿಷಗಳಲ್ಲಿ ಪ್ಯಾರಿಸ್ ಸೇರಿದಾಗ ಬೆಳಗಿನ ಹೊತ್ತು. ಸಾವಿರಾರು ಜನ ಕಾದಿದ್ದರು. ಲಾವಾಲ್ ಬಂದದ್ದು ಸುಮಾರು ಎಂಟು ಗಂಟೆ ತಡವಾಗಿ. ಅವನ ಹಿಂದೆ, ದಿನಗಟ್ಟಲೆ, ಒಬ್ಬೊಬ್ಬರಾಗಿ ಉಳಿದವರು ಬಂದರು. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮುಗಿಸಿದ್ದರು.

ಚರಿತ್ರೆ ಬರೆದವರು ತೆರೋಂನಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮಾತ್ರ ಆ ಹಿಂದೆ ಬಂದವರ ಮೇಲೆ ಮನಸ್ಸು. ಟೈರಿನ ಕಂಪನಿಗೆ ಅವರಿಂದ ಲಾಭವಿಲ್ಲ, ಸ್ವಾಗತಕ್ಕೆ ಜನಸಾಗರವಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಬಂದು, ಪುಸ್ತಕದಲ್ಲಿ ಕೊನೆಯ ಸಹಿ ಹಾಕಿಸಿಕೊಂಡವನಿಗೆ ಆ ಸಹಿಯಲ್ಲದೆ ಬೇರೇನು ಸಿಕ್ಕಿತು? ಮುಂದಿನ ಕತೆಯೆಲ್ಲ ಅವರ ಕತೆಯೇ.

ಇಷ್ಟು ದೊಡ್ಡ ಸನ್ನಾಹವನ್ನು ವರ್ಷ ವರ್ಷ ನಡೆಸಲಾಗದೆಂದು ಹತ್ತು ವರ್ಷಕ್ಕೊಮ್ಮೆ ಎಂದು ನಿಶ್ಚಯವಾಯಿತು. 1901ರಲ್ಲಿ ವೃತ್ತಿಯ ಸವಾರರಿಗೂ ಹವ್ಯಾಸಿಗಳಿಗೂ ಬೇರೆ ಬೇರೆ ವರ್ಗ ಮಾಡಿದರು. ಆ ಸಲ ಗೆದ್ದವನು ಮೋರಿಸ್ ಗಾರಾಂ. ಹುಡುಗನಾಗಿದ್ದಾಗ ಮನೆಗಳ ಹೊಗೆಗೂಡು ಗುಡಿಸಿ ಬದುಕಿದವನು. ಅವನ ವೇಳೆ 52 ಗಂಟೆ 11 ನಿಮಿಷ. ಎರಡು ವರ್ಷದ ಮೇಲೆ, 1903ರಲ್ಲಿ, ಆನ್ರಿ ದೆಗ್ರಾಂಜ್ ಎಂಬ ಸಂಪಾದಕ ತನ್ನ ಪತ್ರಿಕೆಯ ಪ್ರಸಾರ ಹೆಚ್ಚಿಸಲು ‘ತೂರ್ ದ ಫ್ರಾನ್ಸ್’ ಆರಂಭಿಸಿದಾಗ ಅದರ ಮೊದಲ ವಿಜಯಿಯೂ ಈ ಗಾರಾಂನೇ.

ಹವ್ಯಾಸಿಗಳ ದಾರಿ ಬೇರೆ ಕಡೆಯಿಂದ ತೆರೆದುಕೊಳ್ಳುತ್ತಿತ್ತು. 1897ರ ಜೂನ್ 12ರಂದು ಹನ್ನೆರಡು ಇಟಾಲಿಯನ್ನರು ರೋಮಿನಿಂದ ನೇಪಲ್ಸಿಗೆ, ಸುಮಾರು 230 ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ತುಳಿಯುತ್ತೇವೆಂದು ಹೊರಟರು. ಒಂಬತ್ತು ಮಂದಿ ಹೊತ್ತಿಗೆ ಸೇರಿದರು. ಜನ ಅವರನ್ನು ಕೆಚ್ಚೆದೆಯವರು ಎಂಬರ್ಥದಲ್ಲಿ ‘ಆಡಾಕ್ಸ್’ ಎಂದು ಕರೆದರು, ಲ್ಯಾಟಿನ್ ಮಾತು. ದೆಗ್ರಾಂಜ್ 1904ರಲ್ಲಿ ಅದನ್ನು ಫ್ರಾನ್ಸಿಗೆ ತಂದ. ಅವನು ಮಾಡಿದ ನಿಯಮ ಹೀಗೆ: ಎಲ್ಲರೂ ಒಂದೇ ಗುಂಪಾಗಿ ಸಾಗಬೇಕು, ಮುಂದೆ ಒಬ್ಬ ನಾಯಕ, ಅವನನ್ನು ಯಾರೂ ಹಿಂದೆ ಹಾಕಬಾರದು. ಸ್ಪರ್ಧೆಯ ವಿಷ ಇಲ್ಲವಾಯಿತು. ಆದರೆ ಜೊತೆಗೆ ಸ್ವಾತಂತ್ರ್ಯವೂ ಹೋಯಿತು. ಚುರುಕಾದವನು ಕಾಲು ಕಟ್ಟಿಕೊಂಡು ಸಾಗಬೇಕು. ನಿಧಾನದವನು ಏದುಸಿರು ಬಿಡಬೇಕು.

ಇದನ್ನು ನಡೆಸುತ್ತಿದ್ದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿಗೂ ದೆಗ್ರಾಂಜನಿಗೂ ಕೊನೆಗೆ ಮನಸ್ತಾಪವಾಯಿತು. 1921ರಲ್ಲಿ ಕ್ಲಬ್ಬು ತನ್ನದೇ ಪದ್ಧತಿ ಹೂಡಿತು. ಸವಾರನು ತನಗೆ ಒಗ್ಗಿದ ವೇಗದಲ್ಲಿ ಹೋಗಲಿ. ಒಬ್ಬನೇ ಹೋಗಲಿ, ಜೊತೆಯಲ್ಲಿ ಹೋಗಲಿ. ಗೊತ್ತಾದ ಠಾಣೆಗಳಲ್ಲಿ, ಗೊತ್ತಾದ ಹೊತ್ತಿನೊಳಗೆ ಚೀಟಿಗೆ ಮುದ್ರೆ ಒತ್ತಿಸಿಕೊಂಡರೆ ಸಾಕು. ತಡವಾದರೆ ತಪ್ಪು. ಮುಂದೆ ಬಂದ ನಿಯಮದಲ್ಲಿ ತೀರ ಬೇಗ ಬಂದರೂ ತಪ್ಪೇ. ಠಾಣೆಯ ಬಾಗಿಲು ತೆರೆಯುವ ತನಕ ಕಾಯಬೇಕು! ಜಗಳದಿಂದ ಹುಟ್ಟಿದ ಈ ಸರಳ ಏರ್ಪಾಡೇ ನಮ್ಮ ಹೋಟೆಲಿನ ಬಿಲ್ಲಿನ ಮುತ್ತಜ್ಜ. ಎಲ್ಲರೂ ಒಂದೇ ದಾರಿಯಲ್ಲಿ, ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ. ಮನುಷ್ಯನಿಗೆ ನಿಧಾನವಾಗಿರುವ ಹಕ್ಕನ್ನು ಕೊಟ್ಟ ಆಟ ನಾನು ಕಂಡಂತೆ ಅಪರೂಪ.

1931ರಲ್ಲಿ ಎರಡು ಪ್ರಪಂಚಗಳೂ ಬ್ರೆಸ್ಟಿನ ಹೆದ್ದಾರಿಯಲ್ಲಿ ಅಕ್ಕಪಕ್ಕ ನಿಂತವು. ವೃತ್ತಿಯವರ ಓಟದಲ್ಲಿ ಹ್ಯೂಬರ್ಟ್ ಆಪರ್‌ಮನ್ ಎಂಬ 27 ವರ್ಷದ ಆಸ್ಟ್ರೇಲಿಯನ್ನನು 49 ಗಂಟೆ 23 ನಿಮಿಷಗಳಲ್ಲಿ ಗೆದ್ದ. ಮುಂದೆ ತನ್ನ ದೇಶದ ಸರ್ಕಾರದಲ್ಲಿ ಮಂತ್ರಿಯೂ ಆದ. ಈ ಸಲ ವೃತ್ತಿಯವರ ಓಟದಲ್ಲಿ ಹವ್ಯಾಸಿಗಳಿಗೆ ಜಾಗವಿರಲಿಲ್ಲ. ಅದಕ್ಕೆ ಕ್ಲಬ್ಬು ಅವರಿಗಾಗಿ ಬೇರೆಯಾಗಿಯೇ ಸವಾರಿ ಏರ್ಪಡಿಸಿತು. ನಲವತ್ತು ವರ್ಷದ ಹಿಂದೆ ಬಾಗಿಲು ಹಾಕಿಸಿಕೊಂಡಿದ್ದ ಹೆಂಗಸರು ಈ ಸಲ ಹವ್ಯಾಸಿಗಳ ನಡುವೆ ಹೊರಟು, ಮುಗಿಸಿ ತೋರಿಸಿದರು.

1941ರಲ್ಲಿ ಯುದ್ಧ, ಓಟ 1948ಕ್ಕೆ ಹೋಯಿತು. 1951ರದು ವೃತ್ತಿಯವರ ಕೊನೆಯ ಓಟ. ಅದರ ಕೊನೆಯೂ ಚೆನ್ನಾಗಿದೆ. ಮೋರಿಸ್ ದ್ಯೋ, ಎದುಆರ್ ಮುಲೇರ್ ಇಬ್ಬರೇ ಮುಂದೆ ಉಳಿದಿದ್ದರು. ಇನ್ನು 22 ಕಿಲೋಮೀಟರು ಇದೆ ಎನ್ನುವಾಗ ಮುಲೇರನ ಟೈರು ಪಂಕ್ಚರಾಯಿತು. ಸಾವಿರಕ್ಕೂ ಮೇಲೆ ಕಿಲೋಮೀಟರು ತುಳಿದು ಸೋತ ಕಾಲಿಗೆ ಇದಕ್ಕಿಂತ ದೊಡ್ಡ ಅದೃಷ್ಟ ಬೇಕೆ? ದ್ಯೋ ನಿಂತ. ಎದುರಾಳಿ ಚಕ್ರ ಸರಿಮಾಡಿಕೊಳ್ಳುವ ತನಕ ಕಾದ. ಆಮೇಲೆ ಇಬ್ಬರೂ ಕೂಡಿಯೇ ಹೋಗಿ, ಕೊನೆಯ ಓಟದಲ್ಲಿ ದ್ಯೋ ಗೆದ್ದ: 38 ಗಂಟೆ 55 ನಿಮಿಷ. ಮುಂದೆ 1956ರಲ್ಲೂ 1961ರಲ್ಲೂ ವೃತ್ತಿಯವರ ಓಟಕ್ಕೆ ಸಾಕಷ್ಟು ಜನ ಸೇರಲಿಲ್ಲ. ದಿನಕ್ಕೊಂದು ಹಂತವಾಗಿ ಓಡುವ ಪಂದ್ಯಗಳಿಗೆ ಒಗ್ಗಿದವರಿಗೆ ನಿದ್ದೆಗೆಟ್ಟು ಎರಡು ರಾತ್ರಿ ತುಳಿಯುವ ಹುಚ್ಚು ಬೇಡವಾಗಿತ್ತು.

ಬಹುಮಾನ ಹೋಯಿತು, ಕಂಪನಿಗಳು ಹೋದವು, ಮೊದಲ ಪುಟದ ಸುದ್ದಿಯೂ ಹೋಯಿತು. ಇಷ್ಟು ಹೋದ ಮೇಲೆ ಆಟವೂ ಹೋಗಬೇಕಾಗಿತ್ತಲ್ಲವೇ? ಹೋಗಲಿಲ್ಲ, ಬೆಳೆಯಿತು. ಹವ್ಯಾಸಿಗಳ ಸವಾರಿ ಐದು ವರ್ಷಕ್ಕೊಮ್ಮೆ, 1971ರ ಮೇಲೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. 2019ರಲ್ಲಿ, 2023ರಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಹೊರಟರು. ಅದೇ ವರ್ಷ 200, 300, 400, 600 ಕಿಲೋಮೀಟರುಗಳ ನಾಲ್ಕು ಸವಾರಿಗಳನ್ನು ಮುಗಿಸಿದವರಿಗೆ ಮಾತ್ರ ಪ್ರವೇಶ. ಗರಿಷ್ಠ ಗಡುವು 90 ಗಂಟೆ. ಊಟ, ನಿದ್ದೆ, ಪಂಕ್ಚರು ಎಲ್ಲ ಅದರೊಳಗೇ. ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ.

ಲೆಕ್ಕಕ್ಕೆ ಗಂಟೆಗೆ ಹದಿಮೂರು ಕಿಲೋಮೀಟರು ಎಂದರೆ ನಮ್ಮ ಹಾಲಿನವನ ಸೈಕಲ್ಲಿನ ವೇಗ. ಕಷ್ಟವಿರುವುದು ವೇಗದಲ್ಲಲ್ಲ. ದಾರಿಯುದ್ದಕ್ಕೂ ಸಣ್ಣ ಸಣ್ಣ ದಿಣ್ಣೆಗಳು. ಎಲ್ಲ ಏರುಗಳನ್ನೂ ಕೂಡಿದರೆ ಎವರೆಸ್ಟಿನ ಎತ್ತರವನ್ನು ಮೀರುತ್ತದೆ. ಎರಡನೆಯ ರಾತ್ರಿ ಅಂಗೈ ಜೋಮು ಹಿಡಿಯುತ್ತದೆ; ಕೂತಲ್ಲಿ ಚರ್ಮ ಕಿತ್ತು ಬರುತ್ತದೆ. ಮೂರನೆಯ ರಾತ್ರಿ ನಿದ್ದೆಯ ಕಾಟ. ಪೊದೆ ಮನುಷ್ಯನಂತೆ ಕಾಣುತ್ತದೆ, ಮೈಲಿಗಲ್ಲು ಮಾತಾಡಿಸುತ್ತದೆ. ಆಗ ಜಾಣನಾದವನು ಹೊಲದಂಚಿನಲ್ಲೋ ಅಂಗಡಿಯ ಜಗಲಿಯಲ್ಲೋ ಹದಿನೈದು ನಿಮಿಷ ಒರಗುತ್ತಾನೆ. ಠಾಣೆಯ ಹೊರಗೆ ಅವನ ಬಂಧುಗಳು ನೆರವಾಗುವಂತಿಲ್ಲ, ನಿಯಮ ಕಟ್ಟುನಿಟ್ಟು.

ಬಂಧುಗಳಲ್ಲದವರು ಮಾತ್ರ ಧಾರಾಳವಾಗಿ ನೆರವಾಗುತ್ತಾರೆ. ಹಳ್ಳಿಯವರು ಮನೆಯ ಮುಂದೆ ಮೇಜು ಹಾಕಿ ನಡುರಾತ್ರಿ ಕಾಫಿ ಕಾಯಿಸಿ ಕೊಡುತ್ತಾರೆ, ನಮ್ಮ ನೀರುದೋಸೆಯನ್ನು ಹೋಲುವ ಕ್ರೇಪ್ ಮಾಡಿ ಕೊಡುತ್ತಾರೆ. ವಿಲೇನ್-ಲ-ಜುಯೆಲ್ ಎಂಬ ಊರಿನಲ್ಲಂತೂ ಊರಿಗೆ ಊರೇ ಬೀದಿಗೆ ಬರುತ್ತದೆ. ಚಿಕ್ಕ ಮಕ್ಕಳು ದಣಿದವರ ಊಟದ ತಟ್ಟೆಯನ್ನು ಹೊತ್ತು ತರುತ್ತಾರೆ. ದಾರಿಯ ಒಂದು ಮನೆಯವರು ವರುಷಗಳಿಂದ ಹೀಗೆ ಉಪಚರಿಸಿ ಹಣ ಮುಟ್ಟದೆ, “ಊರು ಸೇರಿದ ಮೇಲೆ ನಿಮ್ಮೂರಿನ ಒಂದು ಕಾರ್ಡು ಹಾಕಿ” ಎಂದಷ್ಟೇ ಕೇಳಿದ್ದಾರೆ. 1891ರಲ್ಲಿ ತೆರೋಂನನ್ನು ನೋಡಲು ನಿಂತವರ ಮರಿಮಕ್ಕಳು ಈಗ ಹೆಸರಿಲ್ಲದ ಸವಾರನಿಗಾಗಿ ಎದ್ದಿರುತ್ತಾರೆ.

ನಮ್ಮ ದೇಶಕ್ಕೆ ಈ ಪದ್ಧತಿ ಬಂದು ಇನ್ನೂ ಬಹುಕಾಲವಾಗಿಲ್ಲ. ಆದರೂ 2019ರಲ್ಲಿ ಪ್ಯಾರಿಸ್ಸಿಗೆ ಹೋದ ಭಾರತೀಯರು ಮುನ್ನೂರಕ್ಕೂ ಮೇಲು. ಬೆಂಗಳೂರಿನ ಸವಾರರೂ ಅವರಲ್ಲಿದ್ದರು. ಎದುರುಗಾಳಿ, ರಾತ್ರಿಯ ಕೊರೆಯುವ ಚಳಿ. ಅವರಲ್ಲಿ ಹೆಚ್ಚಿನವರಿಗೆ ಮುಗಿಸಲಾಗಲಿಲ್ಲ. ವರ್ಷಗಟ್ಟಲೆ ರಜೆ ಕೂಡಿಟ್ಟು, ಸಾಲವೋ ಸೋಲವೋ ಮಾಡಿ ಹೋದವರು ಅರ್ಧ ಮುದ್ರೆಗಳ ಚೀಟಿ ಹಿಡಿದು ಮರಳುವುದು ಸಣ್ಣ ನೋವಲ್ಲ. ಗೆದ್ದವರಿಲ್ಲದ ಆಟದಲ್ಲಿ ಸೋತವರೂ ಇಲ್ಲ ಎಂದು ಸಮಾಧಾನ ಹೇಳುವುದು ಸುಲಭ. ಆದರೆ ಅದು ಸುಳ್ಳು. ಗಡುವು ಮೀರಿದರೆ ಮೀರಿತು. ಆ ಗಡುವು ನಿಜವಾದ್ದರಿಂದಲೇ ಮುದ್ರೆಗೆ ಬೆಲೆ. ಇಷ್ಟು ಮಾತ್ರ ವ್ಯತ್ಯಾಸ: ಇಲ್ಲಿ ಒಬ್ಬನ ಗೆಲುವಿಗೆ ಇನ್ನೊಬ್ಬನ ಸೋಲು ಬೇಕಾಗಿಲ್ಲ. ಮುಗಿಸದೆ ಬಂದವರಲ್ಲಿ ಹಲವರು ಮರುವರ್ಷ ಮತ್ತೆ 200ರ ಸವಾರಿಗೆ ಹೆಸರು ಕೊಟ್ಟರೆ ಆಶ್ಚರ್ಯವೇನೂ ಇಲ್ಲ.

ಆ ಭಾನುವಾರ ಹೋಟೆಲಿನಲ್ಲಿ ಕಂಡವರು ಒಂಬತ್ತು ಗಂಟೆಯೊಳಗೆ ಬೆಂಗಳೂರು ಮುಟ್ಟಿದರೋ ಇಲ್ಲವೋ, ಹೆಸರನ್ನೇ ಕೇಳದ ನನಗೆ ತಿಳಿಯುವ ಬಗೆಯಿಲ್ಲ. ಮುಟ್ಟಿದ್ದರೆ ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕಿರಲಾರದು. ಎರಡು ಇಡ್ಲಿ, ಒಂದು ಕಾಫಿಯ ಆ ಚೀಟಿಯಾದರೂ ಅವರ ಮೇಜಿನ ಖಾನೆಯಲ್ಲಿ ಭದ್ರವಾಗಿರಲಿ.