ಮುಟ್ಟಿ ನೋಡುವ ಗಾಜು

ಕಣ್ಣಿಲ್ಲದವರಿಗೆ ಬೆರಳೇ ಕಣ್ಣು ಎಂಬುದು ಬರಿಯ ಉಪಮೆಯಲ್ಲ. ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ಕಟ್ಟಿದಾಗಲೇ ಅದು ನಿಜವಾಯಿತು. ಆದರೆ ಬೆರಳು ಓದಬೇಕಾದರೆ ಉಬ್ಬು ಬೇಕು. ನುಣುಪಾದ ಗಾಜನ್ನು ಅದು ಹೇಗೆ ಓದೀತು? ನಮ್ಮ ಕಾಲದ ಫೋನು ಒಡ್ಡಿದ ಪ್ರಶ್ನೆ ಇದು. ಅದಕ್ಕೆ ದೊರೆತ ಉತ್ತರದ ಚರಿತ್ರೆ ಚಿಕ್ಕದು. ಆದರೂ ಕಣ್ಣುಳ್ಳ ನಾವೆಲ್ಲ ತಿಳಿದಿರತಕ್ಕದ್ದು ಎಂದು ನನ್ನ ಎಣಿಕೆ.

ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಮೊದಲು ಬಂದದ್ದು ಕಂಪ್ಯೂಟರಿಗೆ. ಅಮೆರಿಕದ ಟೆಡ್ ಹೆಂಟರ್ ಅವರು ಮೋಟಾರ್ ಸೈಕಲ್ ಪಂದ್ಯಗಳ ಸವಾರರಾಗಿದ್ದವರು. 1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಅವರ ಸಂಸ್ಥೆಯಿಂದ 1989ರಲ್ಲಿ ‘ಜಾಸ್’ ಹೊರಬಂತು. ಅಲ್ಲಿ ಕಿವಿಗೆ ಧ್ವನಿಯಿತ್ತು, ಕೈಗೆ ಕೀಲಿಗಳಿದ್ದವು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬು, ಕತ್ತಲಲ್ಲಿ ಕಾಲಿಗೆ ಸಿಗುವ ಮನೆಯ ಹೊಸ್ತಿಲಿನಂತೆ, ಬೆರಳಿಗೆ ದಿಕ್ಕು ತೋರುತ್ತಿತ್ತು.

2007ರಲ್ಲಿ ಐಫೋನ್ ಬಂದಿತು. ಕೀಲಿಗಳು ಹೋಗಿ ಬರಿಯ ಗಾಜು ಉಳಿಯಿತು. ಇನ್ನೂ ಕಷ್ಟವೆಂದರೆ, ಮುಟ್ಟಿದ್ದೇ ಅಪ್ಪಣೆಯಾಯಿತು. ಗುಂಡಿ ಎಲ್ಲಿದೆ ಎಂದು ತಡಕುವ ಬೆರಳು ತಡಕುತ್ತಲೇ ಅದನ್ನು ಒತ್ತಿಬಿಡುತ್ತಿತ್ತು.

ನಿಜವಾದ ಅಡ್ಡಿ ಗಾಜಿನ ನುಣುಪಲ್ಲ, ಈ ಅವಸರ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ನಾವು ‘ಮುಟ್ಟಿ ನೋಡು’ ಎನ್ನುತ್ತೇವೆ. ಅಂಗಡಿಯಲ್ಲಿ ಬದನೆಕಾಯಿಯನ್ನು ಮುಟ್ಟಿ ನೋಡಿದ ಮಾತ್ರಕ್ಕೆ ಕೊಂಡಂತಾಯಿತೆ? ತಿಳಿಯಲು ಮುಟ್ಟುವುದು ಬೇರೆ, ಆಜ್ಞಾಪಿಸಲು ಮುಟ್ಟುವುದು ಬೇರೆ. ಎರಡನ್ನೂ ಬೇರ್ಪಡಿಸಿದಾಗ ದಾರಿ ತೆರೆಯಿತು.

2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ‘ಸ್ಲೈಡ್ ರೂಲ್’ ಎಂಬ ವಿಧಾನವನ್ನು ಪ್ರಕಟಿಸಿದರು. ಒಂದು ಬೆರಳು ಗಾಜಿನ ಮೇಲೆ ಜಾರಿದಂತೆ ಫೋನು ಅಲ್ಲಿದ್ದುದರ ಹೆಸರು ಹೇಳುವುದು. ಬೇಕಾದದ್ದು ಸಿಕ್ಕಾಗ ಎರಡನೆಯ ಬೆರಳಿನಿಂದ ತಟ್ಟುವುದು. 2009ರ ಜೂನಿನಲ್ಲಿ ಐಫೋನ್ 3ಜಿಎಸ್ ‘ವಾಯ್ಸ್ ಓವರ್’ ಸಹಿತವಾಗಿಯೇ ಬಂತು. ಬೆರಳಿಟ್ಟರೆ ಅದು ಹೆಸರು ಹೇಳುತ್ತದೆ. ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ. ಬಲಕ್ಕೆ ಬೀಸಿದರೆ ಮುಂದಿನದಕ್ಕೆ ಹೋಗುತ್ತದೆ.

ಗೂಗಲ್ ಸಂಸ್ಥೆಯಲ್ಲಿ ಇದೇ ದಾರಿಯಲ್ಲಿ ದುಡಿದವರು ಟಿ. ವಿ. ರಾಮನ್. 14ನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡು, ಮುಂಬಯಿಯ ಐಐಟಿಯಲ್ಲಿ ಓದಿದವರು. ಅವರು ಸಿದ್ಧಪಡಿಸಿದ ಡಯಲಿನಲ್ಲಿ ಬೆರಳು ಮೊದಲು ಎಲ್ಲಿ ಊರುವುದೋ ಅದೇ 5. ಮೇಲಕ್ಕೆ ಜಾರಿದರೆ 2, ಕೆಳಕ್ಕೆ ಜಾರಿದರೆ 8. ಗುಂಡಿಯನ್ನು ಬೆರಳು ಹುಡುಕಬೇಕಿಲ್ಲ. ಬೆರಳಿದ್ದಲ್ಲಿಗೆ ಗುಂಡಿಯೇ ಬರುತ್ತದೆ! ಆಂಡ್ರಾಯ್ಡ್ ಫೋನುಗಳಿಗೆ 2009ರಲ್ಲಿ ‘ಟಾಕ್ ಬ್ಯಾಕ್’ ಬಂತು. ಗಾಜನ್ನು ಸವರಿ ತಿಳಿಯುವ ಸೌಕರ್ಯ 2011ರಲ್ಲಿ ಸೇರಿತು. ಈಗ ಫೋನು ಕನ್ನಡದಲ್ಲಿಯೂ ಓದುತ್ತದೆ.

ಇಷ್ಟಾದರೂ ಕತೆ ಮುಗಿದಿಲ್ಲ. ಗುಂಡಿಯ ಮೇಲೆ ಬರಿಯ ಚಿತ್ರವಿಟ್ಟು, ಒಳಗೆ ಹೆಸರು ಬರೆಯದೆ ಬಿಟ್ಟರೆ ಸ್ಕ್ರೀನ್ ರೀಡರ್ ಬರಿದೆ ‘ಬಟನ್’ ಎನ್ನುತ್ತದೆ. ಹಣ ಕಳುಹಿಸುವ ಗುಂಡಿಯೋ, ರದ್ದು ಮಾಡುವ ಗುಂಡಿಯೋ? ಮನೆಯವರನ್ನೋ ಪಕ್ಕದವರನ್ನೋ ಕರೆದು ಕೇಳಬೇಕು. ತನ್ನ ಹಣದ ಲೆಕ್ಕವನ್ನು ಅವರಿಗೂ ತೋರಿಸಬೇಕು. ಬ್ಯಾಂಕಿನ ಗುರುತು ಪರೀಕ್ಷೆಗೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸೆಂದರೆ ದೃಷ್ಟಿಯಿಲ್ಲದವರು ಏನು ಮಾಡಬೇಕು? ಇಂಥ ಅಹವಾಲನ್ನು ಕೇಳಿದ ನಮ್ಮ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೇ ಎಂದು ತೀರ್ಪಿತ್ತಿತು.

ನುಣುಪಾದ ಗಾಜಿಗೆ ಮಾತು ಕಲಿಸಲು ಬುದ್ಧಿವಂತರು ಬೇಕಾಯಿತು. ಗುಂಡಿಗೊಂದು ಹೆಸರು ಬರೆಯಲು ಅಂಥ ಬುದ್ಧಿಯೇನೂ ಬೇಡ. ಇನ್ನೊಬ್ಬರ ನೆನಪಿದ್ದರೆ ಸಾಕು.