ಕ್ಲೀನರನಿಂದ ಡ್ರೈವರ್: ಲಾರಿ ಲೈಸನ್ಸಿನ ಕಥಿ

ಲಾರಿ ಡ್ರೈವರ್ ಅಂದಕೂಡಲೇ ಹೆಣ್ಣು ಕೊಡೋ ಮನಿಯವರು ಮಾರಿ ಸೊಟ್ಟ ಮಾಡ್ತಾರ, ಹೌದಿಲ್ರೀ ಅಕ್ಕಾರ? ಸಾಲಿ ಕಲಿಲಾರದವರು ಮಾಡೋ ಕೆಲಸ ಅಂತ ಒಂದು ಮಾತು ಒಗೆದುಬಿಡ್ತಾರ. ನನ್ನ ತವರಿನ ಕಡೆ ಇಬ್ಬರು ಈ ಕೆಲಸದಾಗ ಬಾಳೇ ಮಾಡಿದವರು: ಸೋದರಮಾವ, ಮತ್ತ ಅವನ ಮಗ. ಇಬ್ಬರೂ ಕಲಿತ ರೀತಿ ಒಂದ. ಲೈಸನ್ಸ್ ಕೈಗೆ ಬಂದ ರೀತಿ ಮಾತ್ರ ಬ್ಯಾರೆ. ಯಾಕ ಹಂಗಾತು ಅಂತ ತಿಳಕೋಬೇಕಾದ್ರ ನೂರು ವರ್ಷ ಹಿಂದಕ್ಕ ಹೋಗಬೇಕು.

ಇಡೀ ದೇಶಕ್ಕಂತ ಮೊದಲನೇ ಮೋಟಾರು ಕಾಯದೆ ಬಂದದ್ದು 1914ರಾಗ. ಲೈಸನ್ಸ್ ಇಲ್ಲದ ಗಾಡಿ ಹೊಡಿಬಾರದು, 18 ತುಂಬಿರಬೇಕು ಅನ್ನೋದು ಆಗಲೇ ಇತ್ತು. ಆಮ್ಯಾಲೆ 1939ರ ಕಾಯದೆ ಬಂತು. ಕಾಯದೆ ಕಾಗದ ಕೊಡ್ತಿತ್ತು ಖರೆ, ವಿದ್ಯಾ ಸಿಗ್ತಿದ್ದದ್ದು ಲಾರಿ ಮ್ಯಾಲೆನ.

ಮಾವ ಎರಡನೇತ್ತಾ ಬಿಟ್ಟು, ಹದಿನಾಲ್ಕು ವರ್ಷದವ ಇದ್ದಾಗ ಕ್ಲೀನರ್ ಆಗಿ ಹತ್ತಿದ. ಟಾಟಾದವರು 1954ರಾಗ ಜರ್ಮನಿಯ ಡೈಮ್ಲರ್-ಬೆಂಜ್ ಜೋಡಿ ಕೂಡಿ ಜಮ್‌ಶೆಡ್‌ಪುರದಾಗ ಲಾರಿ ಮಾಡಲಿಕ್ಕೆ ಸುರು ಮಾಡಿದ್ದರಲ್ಲ, ಆ ಕರಾರು 1969ಕ್ಕ ಮುಗೀತು. ಮಾವ ಮಾತ್ರ ಕಡೀತನಕ "ಬೆಂಜ್ ಗಾಡಿ" ಅಂತನ ಅಂತಿದ್ದ. ಪಗಾರ ಅಂತ ಏನಿಲ್ಲ, ಎರಡೊತ್ತು ಊಟ. ಗಾಡಿ ತೊಳೆಯೋದು, ರೇಡಿಯೇಟರಿಗೆ ನೀರು ಹಾಕೋದು, ತಾಡಪತ್ರಿ ಕಟ್ಟೋದು, ಪಂಚರ್ ಆದ್ರ ಜಾಕ್ ಹಚ್ಚಿ ಸ್ಟೆಪ್ನಿ ಬದಲಿ ಮಾಡೋದು, ಹಿಂದಕ್ಕ ತಗೊಳ್ಳುವಾಗ ಇಳಿದು "ಬರ್ಲಿ, ಬರ್ಲಿ" ಅಂತ ಒದರೋದು. ಬ್ಯಾಡಗಿ ಮೆಣಸಿನಕಾಯಿ ಲೋಡ್ ಇದ್ದ ದಿನ ಮುಂಬೈ ಮುಟ್ಟೋತನಕ ಸೀನೋದು ಬ್ಯಾರೆ!

ಸ್ಟೀರಿಂಗ್ ಕೈಗೆ ಸಿಕ್ಕದ್ದು ಮೂರು ವರ್ಷ ಆದಮ್ಯಾಲೆ, ಅದೂ ರಾತ್ರಿ, ಖಾಲಿ ರಸ್ತಾದಾಗ, ಉಸ್ತಾದನ ಮರ್ಜಿ ಇದ್ದಾಗ. ಆಗಿನ ಲಾರಿ ಗೇರು ಈಗಿನಂಗ ಸರಳ ಇದ್ದಿಲ್ಲ. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಗೇರ್ ಇಳಿಸೋದಿದ್ರ ನಡುವ ಒಂದೀಟು ಆಕ್ಸಿಲೇಟರ್ ಕೊಡಬೇಕು, ಮತ್ತ ಕ್ಲಚ್ ಒತ್ತಿ ಗೇರ್ ಹಾಕಬೇಕು. ತಪ್ಪಿದ್ರ ಗೇರ್‌ಪೆಟ್ಟಿಗಿ ಕರಕರ ಅಂತಿತ್ತು, ಉಸ್ತಾದನ ಕೈ ತಲಿಮ್ಯಾಲೆ ಬೀಳ್ತಿತ್ತು. ಸಾತಾರಾ ದಾಟಿದ ಮ್ಯಾಲೆ ಖಂಬಾಟಕಿ ಘಾಟ್ ಬರ್ತದ. ಯಾವ ಗೇರಿನ್ಯಾಗ ಹತ್ತಿದೆಯೋ ಅದೇ ಗೇರಿನ್ಯಾಗ ಇಳಿಬೇಕು, ಬರೇ ಬ್ರೇಕ್ ಒತ್ತಿಕೋತ ಇಳಿದ್ರ ಬ್ರೇಕ್ ಕಾದು ಹಿಡಿಯೋದ ಬಿಡ್ತಾವ. ಇದನ್ನ ಮಾವ ಪುಸ್ತಕದಾಗ ಓದಿದ್ದಲ್ಲ.

ಇಷ್ಟು ಕಲಿತವನನ್ನ "ಕಲಿಲಾರದವ" ಅನ್ನೋದು ನನಗ ಒಪ್ಪಿಗಿ ಇಲ್ಲ.

ಮುಂದ 1988ರ ಕಾಯದೆ ಬಂತು, ಜಾರಿಗೆ ಬಂದದ್ದು 1989ರ ಜುಲೈ 1ಕ್ಕ. ಇದರಾಗ ಮೆಟ್ಟಲು ಹತ್ತಿದಂಗ ಹತ್ತಬೇಕು. ಮೊದಲು ಸಣ್ಣ ಗಾಡಿ ಲೈಸನ್ಸ್, ಅದಾಗಿ ಒಂದು ವರ್ಷ ಕಳೀಬೇಕು. ಬಾಡಿಗಿ ಗಾಡಿಗೆ 20 ತುಂಬಿರಬೇಕು. ಡಾಕ್ಟರ ಸರ್ಟಿಫಿಕೇಟ್ ಬೇಕು, ಡ್ರೈವಿಂಗ್ ಸಾಲಿ ಸರ್ಟಿಫಿಕೇಟ್ ಬೇಕು. 2007ರಾಗ ಮತ್ತೊಂದು ಕೂಡಿಸಿದರು: ಬಾಡಿಗಿ ಗಾಡಿ ಲೈಸನ್ಸಿಗೆ ಎಂಟನೇತ್ತಾ ಪಾಸಾಗಿರಬೇಕು. ಮೊದಲ ಲೈಸನ್ಸ್ ಇದ್ದವರಿಗೆ ಅಡ್ಡಿ ಇಲ್ಲ.

ನಮ್ಮ ಮಾವನ ಮಗನಿಗೆ ಅದೇ ವರ್ಷ 20 ತುಂಬಿತ್ತು. ಕಲಿತದ್ದು ಆರನೇತ್ತಾ.

ಎರಡನೇತ್ತಾ ಕಲಿತ ಅಪ್ಪ ಡ್ರೈವರ್, ಆರನೇತ್ತಾ ಕಲಿತ ಮಗ ಕ್ಲೀನರ್. ಲಾರಿ ಹೊಡಿಲಿಕ್ಕೆ ಬರ್ತಿತ್ತು, ಅಪ್ಪನ ಕೈಕೆಳಗ ಪಳಗಿದ್ದ. ಆದ್ರ ತಕ್ಕ ಲೈಸನ್ಸ್ ಇಲ್ಲದವನ ಕೈಯಾಗ ಅಪಘಾತ ಆದ್ರ ಪರಿಹಾರದ ಹೊರಿ ಮಾಲಕನ ಕೊರಳಿಗೆ ಬರ್ತದ, ಯಾವ ಮಾಲಕ ಗಾಡಿ ಕೊಡ್ತಾನ? ಹನ್ನೆರಡು ವರ್ಷ ಹಂಗ ಹೋದುವು. ಎರಡು ಸಂಬಂಧ ಇದೇ ಮಾತಿಗೆ ಮುರಿದವು. ಅತ್ತಿ ದಿನಾ ರೊಟ್ಟಿ, ಗುರೆಳ್ಳು ಚಟ್ನಿ ಬುತ್ತಿ ಕಟ್ಟುವಾಗ ಒಂದ ಮಾತು, "ಇವನ ಕೈ ಸುದ್ದ ಐತಿ, ಕಾಗದ ಇಲ್ಲ."

2019ರಾಗ ಸರಕಾರ ಆ ನಿಯಮ ತಗದುಹಾಕಿತು. ಹರಿಯಾಣದ ಮೇವಾತ್ ಕಡೆ ಡ್ರೈವರಕಿ ಮ್ಯಾಲೆನ ಹೊಟ್ಟಿ ಹೊರೆಯೋ ಬಡವರು ಭಾಳ, ಅವರಿಗೆ ವಿನಾಯಿತಿ ಕೊಡ್ರಿ ಅಂತ ಅಲ್ಲಿ ಸರಕಾರ ಕೇಳಿತ್ತು. ಹಂಗಂತ ಓದು ಬ್ಯಾಡ ಅನ್ನಂಗಿಲ್ಲ ನಾ. ರಸ್ತಾದ ಫಲಕ, ಮಾಲಿನ ಬಿಲ್, ಈಗ ಮೊಬೈಲಿನ್ಯಾಗ ಬರೋ ನೂರೆಂಟು ಸಂದೇಶ, ಎಲ್ಲಾ ಓದಬೇಕಾಗ್ತದ. ಆದ್ರ ಓದು ಕಲಿಸಬೇಕಿತ್ತು, ಬಾಗಲಾ ಹಾಕಬಾರದಿತ್ತು. ನಮ್ಮ ಹುಡುಗ ಮುಂದಿನ ವರ್ಷ ಪರೀಕ್ಷಾ ಕೊಟ್ಟು ಪಾಸಾದ, 33ನೇ ವಯಸ್ಸಿಗೆ.

ಲೈಸನ್ಸ್ ಬಂದ್ರೂ ತಾಸಿನ ಲೆಕ್ಕ ಹಂಗ ಉಳಿದೈತಿ. ದಿನಕ್ಕ 8 ತಾಸು, ವಾರಕ್ಕ 48 ತಾಸು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯದೆನ ಹೇಳ್ತಿತ್ತು. ಅತ್ತಿಗೆ ಇದನ್ನ ಓದಿ ಹೇಳಿದಾಗ ನಕ್ಕಳು.

ಹೆಣ್ಮಕ್ಕಳ ವಿಷಯ. ಈ ಕಾಯದೆದಾಗ ಹೆಣ್ಣು ಲಾರಿ ಹೊಡಿಬಾರದು ಅಂತ ಎಲ್ಲೂ ಬರೆದಿಲ್ಲ. ತಮಿಳುನಾಡಿನ ವಸಂತಕುಮಾರಿ 1993ರಾಗ ಸರಕಾರಿ ಬಸ್ಸಿನ ಡ್ರೈವರ್ ಆದರು. ಭೋಪಾಲದ ಯೋಗಿತಾ ರಘುವಂಶಿ ವಕೀಲಕಿ ಓದಿದಾಕಿ, ಗಂಡ ತೀರಿದ ಮ್ಯಾಲೆ ಲಾರಿ ಹಿಡಿದು ಮಕ್ಕಳನ್ನ ಸಾಕಿದರು. ಇನ್ನ ದೊಡ್ಡ ಲಾರಿನ ಬೇಕಂತಿಲ್ಲ. ಒಟ್ಟು ತೂಕ 7,500 ಕಿಲೋ ದಾಟದ ಸರಕಿನ ಗಾಡಿಯನ್ನ ಸಣ್ಣ ಗಾಡಿ ಲೈಸನ್ಸಿನ ಮ್ಯಾಲೆ ಹೊಡಿಬಹುದು ಅಂತ 2024ರ ನವೆಂಬರದಾಗ ಸುಪ್ರೀಂ ಕೋರ್ಟ್ ಖಾತ್ರಿ ಮಾಡೈತಿ. ಛೋಟಾ ಹಾಥಿ ಅಂತಾರಲ್ಲ, ಆ ಟಾಟಾ ಏಸ್ ಇದರಾಗ ಬರ್ತದ. ಹಪ್ಪಳ-ಸಂಡಿಗಿ ಮಾಡಿ ಅಂಗಡಿಗೆ ಹಾಕೋ ನಮ್ಮ ಗುಂಪಿನವರು ಇದನ್ನ ನೆನಪಿಡ್ರಿ, ಬಾಡಿಗಿ ಕೊಟ್ಟು ಸಾಕಾಗೈತಿ.

ಮಾವನ ಮೊಮ್ಮಗಳು, ಮಗಳ ಮಗಳು, ಈ ವರ್ಷ ಕಾರಿನ ಲೈಸನ್ಸ್ ಮಾಡಿಸ್ಯಾಳ. ದೊಡ್ಡ ಗಾಡಿದೂ ಮಾಡಸ್ತೀನಿ ಅಂತಾಳ. ಆಕಿ ಅವ್ವ ಬ್ಯಾಡ ಅಂತ ಕೂತಾಳ, ಅತ್ತಿ ಮಾತ್ರ ಇನ್ನೂ ಏನೂ ಅಂದಿಲ್ಲ. ಬರೋ ಶ್ರಾವಣಕ್ಕ ಹುಡುಗಿಗೆ 20 ತುಂಬತಾವ.