ಅಂಧೇರಿ ಕೋರ್ಟಿನ ‘ಕಮಿಟಲ್’: ಒಂದು ಹಳೆಯ ಜರಡಿಯ ಕಥೆ

ಅಂಧೇರಿ ಕೋರ್ಟಿನ ಮೊಗಸಾಲೆಯಲ್ಲಿ ‘ಕೇಸ್ ಕಮಿಟ್ ಆಯ್ತು’ ಎಂಬ ಮಾತು ಕಿವಿಗೆ ಬಿದ್ದೊಡನೆ ಆರೋಪಿಯ ಮನೆಯವರು ಕಣ್ಣೊರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಶಿಕ್ಷೆಯೇ ಆಗಿಹೋಯಿತೆಂದು ಅವರ ಎಣಿಕೆ. ನಿಜಕ್ಕೂ ಆಗಿರುವುದಿಷ್ಟೇ: ಫೈಲು ಇಲ್ಲಿಂದ ದಿಂಡೋಶಿಯ ಸೆಷನ್ಸ್ ಕೋರ್ಟಿಗೆ ಹೊರಟಿದೆ. ಸ್ಮರಣ ಸಂಚಿಕೆಗೆ ಈ ಕೋರ್ಟಿನ ಬಗ್ಗೆ ಬರೆಯಿರಿ ಎಂದು ಸಂಪಾದಕರು ಹೇಳಿದಾಗ, ಕಟ್ಟಡದ ಕಥೆಗಿಂತ ಈ ಒಂದು ಪದದ ಕಥೆ ಬರೆಯೋಣವೆನಿಸಿತು.

1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಹುಟ್ಟಿದಾಗ ಅಂಧೇರಿ ಶಹರದ ಹೊರಗಿನ ಊರು. ಪಾಲಿಕೆಯ ಗಡಿ ಇಲ್ಲಿಯವರೆಗೆ ಚಾಚಿದ್ದು 1950ರಲ್ಲಿ. ಆಗ ದೇಶದಲ್ಲಿ ನಡೆಯುತ್ತಿದ್ದುದು 1898ರ ದಂಡ ಪ್ರಕ್ರಿಯಾ ಸಂಹಿತೆ. ಕೊಲೆಯಂಥ ಭಾರೀ ಅಪರಾಧವಾದರೆ ಮ್ಯಾಜಿಸ್ಟ್ರೇಟರು ಮೊದಲು ತಾವೇ ಸಾಕ್ಷಿಗಳನ್ನು ಕರೆಸಿ ಕೇಳಬೇಕು. ಆರೋಪಿಯ ವಕೀಲರು ಪಾಟೀಸವಾಲು ಹಾಕಬಹುದು. ಹುರುಳಿಲ್ಲವೆಂದು ಕಂಡರೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಅಲ್ಲೇ ಬಿಟ್ಟು ಕಳಿಸಬಹುದಿತ್ತು. ಹುರುಳಿದ್ದರೆ ಸೆಷನ್ಸಿಗೆ. ಅಮೆರಿಕದಲ್ಲಿ ಭಾರೀ ಅಪರಾಧಗಳಿಗೆ ಈಗಲೂ ಇರುವ ಪ್ರಾಥಮಿಕ ವಿಚಾರಣೆಗೂ ಇದಕ್ಕೂ ದಾಯಾದಿ ಸಂಬಂಧ.

ಜರಡಿ ಒಳ್ಳೆಯದೇ, ಆದರೆ ಬಹಳ ನಿಧಾನ. ಒಬ್ಬನೇ ಸಾಕ್ಷಿ ಒಂದೇ ಮಾತನ್ನು ಎರಡು ಕಟಕಟೆಗಳಲ್ಲಿ ಹೇಳಬೇಕು. ಎರಡರ ನಡುವೆ ವರ್ಷ ಉರುಳಿರುತ್ತದೆ. ಮೊದಲು ‘ಎಡಗೈ’ ಎಂದವನು ಆಮೇಲೆ ‘ಬಲಗೈ’ ಎನ್ನುತ್ತಾನೆ. ವಕೀಲರಿಗೆ ಹಬ್ಬ, ಸಾಕ್ಷಿಗೆ ಸಂಕಟ. 1955ರ ತಿದ್ದುಪಡಿ ಇದನ್ನು ಮೊಟಕುಗೊಳಿಸಿತು: ಪೊಲೀಸ್ ಕೇಸುಗಳಲ್ಲಿ ಮುಖ್ಯವಾಗಿ ಕಣ್ಣಾರೆ ಕಂಡವರನ್ನು ಕೇಳಿದರೆ ಸಾಕು ಎಂದಿತು. 1969ರಲ್ಲಿ ಕಾನೂನು ಆಯೋಗ ತನ್ನ 41ನೇ ವರದಿಯಲ್ಲಿ ಈ ವಿಚಾರಣೆಯೇ ಬೇಡವೆಂದಿತು. 1973ರ ಹೊಸ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂತು. ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರು ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟರಾದರು, ಕಮಿಟಲ್ ವಿಚಾರಣೆ ಹೋಗಿ ಕಮಿಟಲ್ ಆದೇಶವಷ್ಟೇ ಉಳಿಯಿತು. ಅಪರಾಧ ಸೆಷನ್ಸ್ ಕೋರ್ಟೇ ನಡೆಸಬೇಕಾದದ್ದು ಎಂದು ಕಂಡರೆ 209ನೇ ಕಲಮಿನಡಿ ಕಳಿಸಿಬಿಡುವುದು. ‘ಕಿಸ್ಸಾ ಕುರ್ಸಿ ಕಾ’ ಸಿನಿಮಾದ ಪ್ರಕರಣದಲ್ಲಿ, 1978ರಲ್ಲಿ, ಮ್ಯಾಜಿಸ್ಟ್ರೇಟರು ಇಲ್ಲಿ ಸಾಕ್ಷ್ಯವನ್ನು ತೂಗುವ ಹಾಗಿಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಬಿಟ್ಟುಬಿಡಿ ಎಂಬ ಅರ್ಜಿಯನ್ನು ಈಗ ದಿಂಡೋಶಿಯಲ್ಲೇ ಹಾಕಬೇಕು.

ಮೇಲಕ್ಕೆ ಕಳಿಸುವ ಅಧಿಕಾರ ಮಾತ್ರ ನಡುದಾರಿಯಲ್ಲೂ ಮ್ಯಾಜಿಸ್ಟ್ರೇಟರ ಕೈಯಲ್ಲಿ ಇರುತ್ತದೆ. ನೆರೆಯ ಬಾಂದ್ರಾ ಕೋರ್ಟಿನಲ್ಲಿ ನಟ ಸಲ್ಮಾನ್ ಖಾನ್ ಮೇಲಿನ 2002ರ ಅಪಘಾತದ ಕೇಸು ನೆನಪಿರಬಹುದು. ಹಲವು ಸಾಕ್ಷಿಗಳ ಹೇಳಿಕೆ ಮುಗಿದ ಮೇಲೆ, 2013ರಲ್ಲಿ, ಆರೋಪ ಇನ್ನೂ ಗುರುತರವೆಂದು ಅದನ್ನು ಸೆಷನ್ಸಿಗೆ ಒಪ್ಪಿಸಿದರು. ವಿಚಾರಣೆ ಮೊದಲಿನಿಂದ ಶುರುವಾಯಿತು. 2015ರ ಮೇ ತಿಂಗಳಲ್ಲಿ ಶಿಕ್ಷೆ, ಡಿಸೆಂಬರಿನಲ್ಲಿ ಹೈಕೋರ್ಟಿನಿಂದ ಖುಲಾಸೆ.

ಜರಡಿ ಹೋದ ಮೇಲೆ ಅಂಧೇರಿಯಲ್ಲಿ ಉಳಿದದ್ದೇನು? ನಕಲು. ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಪಂಚನಾಮೆ, ಇವುಗಳ ಪ್ರತಿಯನ್ನು ಆರೋಪಿಗೆ ಪುಕ್ಕಟೆಯಾಗಿ ಕೊಟ್ಟ ಮೇಲೆಯೇ ಕಮಿಟ್ ಮಾಡಬೇಕು. ಇದನ್ನು ಬರಿಯ ಗುಮಾಸ್ತಿಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ಮೇಲೆ ಯಾರು ಏನು ಹೇಳಿದ್ದಾರೆಂದು ಆರೋಪಿಗೆ ಮೊದಲ ಸಲ ಪೂರ್ತಿ ತಿಳಿಯುವುದು ಆ ಕಾಗದಗಳಿಂದ.

ಕುಂದಾಪುರ ಕಡೆಯ ಹುಡುಗನೊಬ್ಬ, ಹೋಟೆಲಿನಲ್ಲಿ ಸಪ್ಲೈಯರ್, ಹೊಡೆದಾಟದ ಕೇಸಿನಲ್ಲಿ ಸಿಕ್ಕಿಕೊಂಡಿದ್ದ. ಕೊಲೆ ಯತ್ನದ ಆರೋಪ. ಪಟ್ಟೇವಾಲ ಹೆಸರು ಕೂಗಿದ, ಕಾಗದದ ಕಟ್ಟು ಕೈಗೆ ಬಂತು, ‘ಇಥೇ ಸಹಿ ಕರ್’ ಎಂದರು. ಎಲ್ಲಾ ಮರಾಠಿ, ಕೈಬರಹ, ಕೆಲವು ಪುಟಗಳ ಅಂಚು ಜೆರಾಕ್ಸಿನಲ್ಲಿ ಕತ್ತರಿಸಿಹೋಗಿತ್ತು. ‘ಇದ್ರಗ್ ನನ್ ಹೆಸ್ರ್ ಎಲ್ಲಿತ್ತ್ ಮಾರಾಯ್ರೆ?’ ಎಂದ. ಹೊರಗಿನ ಬೆಂಚಿನಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಪಟ್ಟಿಯಲ್ಲಿ ನಮೂದಾಗಿದ್ದ ಡಾಕ್ಟರರ ಸರ್ಟಿಫಿಕೇಟೇ ಕಟ್ಟಿನಲ್ಲಿರಲಿಲ್ಲ. ಒಳಗೆ ಹೋಗಿ ಅರ್ಜಿ ಕೊಟ್ಟೆವು. ರೋಜ್‌ನಾಮೆಯಲ್ಲಿ ಒಂದು ಸಾಲು ಬಿತ್ತು, ಇನ್ನೊಂದು ತಾರೀಖು ಸಿಕ್ಕಿತು. ಮುಂದಿನ ಸಲ ಸರ್ಟಿಫಿಕೇಟು ಬಂತು: ಗಾಯ ಸಾದಾ ಸ್ವರೂಪದ್ದು. ದಿಂಡೋಶಿಯಲ್ಲಿ ನಮ್ಮ ವಾದವೆಲ್ಲ ನಿಂತದ್ದು ಆ ಒಂದು ಹಾಳೆಯ ಮೇಲೆ.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮೆಟ್ರೊಪಾಲಿಟನ್ ಎಂಬ ವರ್ಗವನ್ನೇ ಅದು ಕೈಬಿಟ್ಟಿದೆ. ಆದರೂ 10ನೇ ಕೋರ್ಟು, 22ನೇ ಕೋರ್ಟು ಎಂಬ ರೂಢಿ ನಮ್ಮ ಬಾಯಿಂದ ಹೋಗಿಲ್ಲ. ಆರೋಪಿ ಹಾಜರಾದ 14 ದಿನದೊಳಗೆ ನಕಲು ಕೊಡಬೇಕು, 90 ದಿನದಲ್ಲಿ ಕಮಿಟಲ್ ಮುಗಿಯಬೇಕು. ಕಾರಣ ಬರೆದಿಟ್ಟರೆ 180 ದಿನದವರೆಗೆ. ಬಿಡುಗಡೆ ಕೋರುವ ಅರ್ಜಿಗೆ ಕಮಿಟ್ ಆದಂದಿನಿಂದ 60 ದಿನ. ನಕಲನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೂ ಕೊಟ್ಟಂತೆಯೇ. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗ ಮುನ್ನೂರು ಪುಟವನ್ನು ಮೊಬೈಲಿನಲ್ಲಿ ಹೇಗೆ ಓದುತ್ತಾನೋ, ಆ ದೇವರೇ ಬಲ್ಲ.

ನಮ್ಮವರಲ್ಲಿ ಒಂದೇ ವಿನಂತಿ. ನಿಮ್ಮ ಮನೆಯವರೋ ನಿಮ್ಮ ಕೈಕೆಳಗಿನ ಹುಡುಗರೋ ಇಂಥ ಕಟಕಟೆ ಹತ್ತಿದರೆ, ನಕಲು ಸಿಕ್ಕಿತೆಂದು ರುಜು ಹಾಕುವ ಮೊದಲು ಪಟ್ಟಿ ಹಿಡಿದು ಪುಟ ಎಣಿಸಿ ನೋಡಿ. ಮರಾಠಿ ಬಾರದಿದ್ದರೆ ಓದಿ ಹೇಳಲು ಹೊರಗಿನ ಬೆಂಚಿನಲ್ಲಿ ನಮ್ಮಂಥವರು ಯಾರಾದರೂ ಕೂತಿರುತ್ತೇವೆ, ಸಂಕೋಚವಿಲ್ಲದೆ ಕೇಳಿ.